ಮರೆವಿನ ಕಾಯಿಲೆಯ ಆರೈಕೆಯನ್ನು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವುದು ಹೇಗೆ?

ಪ್ರಶ್ನೆ (ಬೋಧಕಿ, ಕಲಬುರಗಿ):
ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಪಾಠ ಮಾಡುತ್ತಿದ್ದೇನೆ. 1906ರಲ್ಲಿ ಜರ್ಮನ್ ವೈದ್ಯ ಆಲ್ಝೈಮರ್ ವಿವರಿಸಿದ ರೋಗಿಯಿಂದ ಹಿಡಿದು ಮಿದುಳಿನಲ್ಲಿ ಶೇಖರವಾಗುವ ಪ್ರೋಟೀನಾದ ಅಮಿಲಾಯ್ಡ್‌ವರೆಗೆ ಎಲ್ಲವನ್ನೂ ಒಪ್ಪಿಸುತ್ತಾರೆ, ಆದರೆ ಮೊನ್ನೆ ಆಳಂದ ಕಡೆಯ ಅಜ್ಜಿಯೊಬ್ಬರಿಗೆ ಒಬ್ಬ ವಿದ್ಯಾರ್ಥಿ "ಇವತ್ತು ತಾರೀಖು ಎಷ್ಟು?" ಎಂದು ಕೇಳಿ, ಉತ್ತರ ಬಾರದಿದ್ದಾಗ ಸೊನ್ನೆ ಬರೆದುಕೊಂಡ. ಅವರು ಎಂದೂ ಶಾಲೆಗೆ ಹೋದವರಲ್ಲ. ಪಕ್ಕದಲ್ಲಿದ್ದ ಸೊಸೆಯನ್ನು ಅವನು ಮಾತನಾಡಿಸಲೇ ಇಲ್ಲ. ಇದನ್ನು ಹೇಗೆ ತಿದ್ದಲಿ?

ಉತ್ತರ (ವೈದ್ಯ, ಬೀದರ್):
ಮೇಡಂ, ತಾರೀಖಿನಂಥ ಪ್ರಶ್ನೆಗಳಿಂದ ನೆನಪು, ಗಮನಗಳನ್ನು ಅಳೆಯುವ 30 ಅಂಕಗಳ ಎಂಎಂಎಸ್ಇ ಪರೀಕ್ಷೆಯಲ್ಲಿ ಓದು, ಬರಹ, ಲೆಕ್ಕಗಳಿಗೂ ಅಂಕಗಳಿರುವುದರಿಂದ ಓದು ಬಾರದವರಿಗೆ ಅದರಿಂದ ಅನ್ಯಾಯವಾಗುತ್ತದೆ. ತಾರೀಖಿನ ಬದಲು ಶ್ರಾವಣವೋ ಕಾರ್ತಿಕವೋ, ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತೋ ಕೇಳಲಿ. ಉರ್ದು ಮನೆಮಾತಿನವರನ್ನು ಉರ್ದುವಿನಲ್ಲೇ ಕೇಳಲಿ. ಮೊದಲು ಸಲೀಸಾಗಿ ಮಾಡುತ್ತಿದ್ದ ಯಾವ ಕೆಲಸ ಈಗ ತಪ್ಪುತ್ತಿದೆ ಎಂಬುದು ಅಂಕಗಳಿಗಿಂತ ಮುಖ್ಯ. "ಅರವತ್ತಕ್ಕೆ ಅರಳು ಮರಳು" ಎಂದು ಮನೆಯವರು ಕೈಚೆಲ್ಲುವ ಮುನ್ನ ಮರೆವನ್ನು ತರಬಲ್ಲ ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆಗಳನ್ನು ನೋಡಲೇಬೇಕು. ಗೊಂದಲ ಎರಡೇ ದಿನಗಳಲ್ಲಿ ಹುಟ್ಟಿಕೊಂಡಿದ್ದರೆ ಡೆಲಿರಿಯಂ (ಹಠಾತ್ತನೆ ಬರುವ ಮತಿಗೊಂದಲ) ಇರಬಹುದೆಂದು ಸೋಂಕನ್ನು ಹುಡುಕಬೇಕು.

ಉತ್ತರ (ಶುಶ್ರೂಷಕಿ, ಯಾದಗಿರಿ):
ವಿದ್ಯಾರ್ಥಿಗಳನ್ನು ಒಂದು ದಿನ ರೋಗಿಯ ಮನೆಗೆ ಕಳುಹಿಸಿರಿ. ನಮ್ಮ ಅತ್ತೆಯವರು ತವರಿಗೆ ಹೋಗುತ್ತೇನೆಂದು ರಾತ್ರಿಯೆಲ್ಲ ಬಾಗಿಲ ಚಿಲಕ ಎಳೆಯುತ್ತಿದ್ದರು. ತವರಿನಲ್ಲಿ ಈಗ ಯಾರೂ ಉಳಿದಿಲ್ಲವೆಂದು ತಿಳಿಹೇಳಿದಷ್ಟೂ ಅಳುತ್ತಿದ್ದರು. ಜೋಳದ ಹಿಟ್ಟಿನ ಉಂಡೆಯನ್ನು ಕೈಗಿತ್ತು, "ಎರಡು ರೊಟ್ಟಿ ಬಡಿದು ಹೋಗುವಿರಂತೆ" ಎಂದಾಗ ಆ ಕೈಗಳು ತಾವಾಗಿಯೇ ಬಡಿಯತೊಡಗುತ್ತಿದ್ದವು. ಆ ದಿನಗಳಲ್ಲಿ "ನಿಮಗೆ ನಿದ್ದೆ ಆಗುತ್ತಿದೆಯೇ ತಾಯಿ?" ಎಂದು ಯಾವ ವೈದ್ಯರೂ ನನ್ನನ್ನು ಕೇಳಲಿಲ್ಲ. ಆ ಪ್ರಶ್ನೆಯನ್ನು ದಯವಿಟ್ಟು ಕಲಿಸಿರಿ.

ಬೋಧಕಿ:
ಮುಂದಿನ ಗುಂಪು ಸೊಸೆಯೊಂದಿಗಿನ ಮಾತಿನಿಂದಲೇ ಆರಂಭಿಸಲಿದೆ.