ಸಾವಿರದ ವೈಟ್ ವೈನ್, ಎರಡು ಸಾವಿರದ ವೈಟ್ ವೈನ್: ಜಾಸ್ತಿ ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ?

ಬಸವನಗುಡಿ ಬ್ರದರ್:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೂ ಶನಿವಾರ ರಾತ್ರಿ ಊಟದ ಜೊತೆ ಒಂದು ಬಾಟಲಿ ವೈಟ್ ವೈನ್ ತೆರೆಯುತ್ತೇವೆ. ಬಿಯರ್ ಬಿಟ್ಟು ಈ ಕಡೆ ಬಂದವರು, ದೊಡ್ಡ ಜ್ಞಾನ ಏನೂ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ನಾಸಿಕ್ ಕಡೆಯದು, ನಂದಿ ಬೆಟ್ಟದ ಕಡೆಯದು ಸಾವಿರದ ಆಸುಪಾಸಿಗೆ ಸಿಗುತ್ತದೆ. ಪಕ್ಕದ ಶೆಲ್ಫಿನಲ್ಲೇ ಇಟಲಿ, ಚಿಲಿ, ಫ್ರಾನ್ಸ್ ಬಾಟಲಿಗಳು ಎರಡು ಸಾವಿರ, ಎರಡೂವರೆ ಸಾವಿರ. ಅಂಗಡಿಯವರನ್ನು ಕೇಳಿದರೆ "ಇಂಪೋರ್ಟೆಡ್ ತಗೊಳ್ಳಿ ಸಾರ್, ಚೆನ್ನಾಗಿರುತ್ತೆ" ಅನ್ನುತ್ತಾರೆ, ಅಷ್ಟೇ. ಕೆಲವು ಸಲ ವ್ಯತ್ಯಾಸ ಗೊತ್ತಾಗುತ್ತದೆ. ಕೆಲವು ಸಲ ದುಬಾರಿ ಬಾಟಲಿಯೇ ಸಪ್ಪೆ. ತೆರೆಯುವ ಮೊದಲೇ, ಅಂಗಡಿಯಲ್ಲಿ ನಿಂತುಕೊಂಡು, ಇದು ಕೊಡುವ ದುಡ್ಡಿಗೆ ತಕ್ಕ ಮಾಲಾ ಅಂತ ಅಂದಾಜು ಮಾಡುವುದು ಹೇಗೆ? ಮೆಡಲ್ ಸ್ಟಿಕ್ಕರ್, 'ರಿಸರ್ವ್' ಅಂತ ಬರೆದಿರುವುದು, ಕೈಗೆ ಭಾರವಾಗುವ ಬಾಟಲಿ, ಇವನ್ನೆಲ್ಲ ನಂಬಬಹುದಾ? ಸಿಹಿ ವೈನ್ ಅಷ್ಟಾಗಿ ಇಷ್ಟ ಇಲ್ಲ. ಊಟಕ್ಕೆ ಹೆಚ್ಚಾಗಿ ಮೀನು, ಇಲ್ಲದಿದ್ದರೆ ಕೋಳಿ.

ಲೆಕ್ಕದ ಮೇಷ್ಟ್ರು:

ರುಚಿಯ ಮಾತು ಆಮೇಲೆ. ಮೊದಲು ಆ ಎರಡು ಸಾವಿರ ಯಾರ ಜೇಬಿಗೆ ಹೋಯಿತು ನೋಡೋಣ. ಹೊರದೇಶದ ವೈನಿಗೆ ನಮ್ಮಲ್ಲಿ ಆಮದು ಸುಂಕದ ಮಾಮೂಲಿ ದರ ಶೇ. 150. ಬರೀ ವೈನಿನ ಬೆಲೆಯ ಮೇಲಲ್ಲ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿದ ಮೊತ್ತದ ಮೇಲೆ. ಒಂದು ಬಾಟಲಿ ಮುಂಬೈಗೆ ಬಂದು ಇಳಿಯುವಾಗ 400 ರೂಪಾಯಿ ಬಿತ್ತು ಅಂತ ಇಟ್ಟುಕೊಳ್ಳಿ. ಸುಂಕ 600. ಬಂದರಿನ ಗೇಟು ದಾಟುವಷ್ಟರಲ್ಲೇ ಸಾವಿರ ಆಯಿತು. ಇನ್ನು ಆಮದು ಮಾಡಿಕೊಂಡವರ ಲಾಭ, ಗೋಡೌನ್, ಲಾರಿ, ರಾಜ್ಯದ ಅಬಕಾರಿ, ಅಂಗಡಿಯವರ ಪಾಲು, ಎಲ್ಲ ಸೇರಿ ನಿಮ್ಮ ಕೈಗೆ ಬರುವಾಗ ಎರಡು ಸಾವಿರ. ಮದ್ಯ ಜಿಎಸ್‌ಟಿಯೊಳಗೆ ಇಲ್ಲ, ಅದಕ್ಕೇ ಒಂದೇ ಬಾಟಲಿಗೆ ಗೋವಾದಲ್ಲೊಂದು ಬೆಲೆ, ಇಲ್ಲೊಂದು ಬೆಲೆ. ಅಂದರೆ ನೀವು 'ಇಂಪೋರ್ಟೆಡ್' ಅಂತ ತಂದದ್ದು ಅಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ಕೈದು ಯೂರೋಗೆ ಸಿಗುವ ದಿನಬಳಕೆಯ ವೈನು. ಕೆಟ್ಟದ್ದು ಅಂತಲ್ಲ, ಆದರೆ ಎರಡು ಸಾವಿರದ ವೈನಂತೂ ಅಲ್ಲ.

ದೊಡ್ಡಬಳ್ಳಾಪುರದ ಗ್ರೋವರ್, ನಾಸಿಕ್‌ನ ಸುಲಾ, ಸೊಲ್ಲಾಪುರ ಜಿಲ್ಲೆ ಅಕ್ಲೂಜ್‌ನ ಫ್ರಾಟೆಲ್ಲಿ, ಇವಕ್ಕೆ ಆ 600 ರೂಪಾಯಿಯ ಹೊರೆ ಇಲ್ಲ. ಸಾವಿರದ ಬಾಟಲಿಯಲ್ಲಿ ದ್ರಾಕ್ಷಿಗೆ, ಕೆಲಸಕ್ಕೆ ಹೋದ ಪಾಲು ಜಾಸ್ತಿ ಇರುವ ಸಾಧ್ಯತೆ ಇದೆ. ಹಾಗಾಗಿ ಎರಡೂವರೆ ಸಾವಿರದ ಒಳಗೆ ನನ್ನ ಕೈ ದೇಶಿ ಶೆಲ್ಫಿಗೇ ಹೋಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಯಾವ ದ್ರಾಕ್ಷಿ ಅನ್ನುವುದರಲ್ಲೇ ಅರ್ಧ ಬೆಲೆ ಅಡಗಿದೆ. ಶಾರ್ಡನೆಯನ್ನು ಒಳ್ಳೆಯದಾಗಿ ಮಾಡಬೇಕೆಂದರೆ ಬಹಳ ಕಡೆ ಓಕ್ ಮರದ ಪೀಪಾಯಿ ಬಳಸುತ್ತಾರೆ. 225 ಲೀಟರಿನ ಪೀಪಾಯಿ, ಅದರಿಂದ 300 ಬಾಟಲಿ. ಹೊಸ ಫ್ರೆಂಚ್ ಪೀಪಾಯಿಗೆ ಎಂಟುನೂರು ಯೂರೋ ಮೇಲೇ ಆಗುತ್ತದೆ, ಮೊದಲ ಸಲಕ್ಕೆ ಲೆಕ್ಕ ಹಾಕಿದರೆ ಬಾಟಲಿಗೆ ಎರಡೂವರೆ ಮೂರು ಯೂರೋ ಬರೀ ಮರಕ್ಕೇ. ಸೊವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಹಾಗಲ್ಲ, ಸಾಮಾನ್ಯವಾಗಿ ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗೆ ಹುದುಗು ಬರಿಸಿ ಕೆಲವೇ ತಿಂಗಳಲ್ಲಿ ಬಾಟಲಿಗೆ ತುಂಬುತ್ತಾರೆ. ಬಜೆಟ್ ಕಡಿಮೆ ಇದ್ದರೆ ಈ ಎರಡನ್ನೇ ತೆಗೆದುಕೊಳ್ಳಿ. ಸಾವಿರಕ್ಕೆ ಸಿಗುವ ಶಾರ್ಡನೆಯಲ್ಲಿ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದಿರುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ಕುಡ್ಲದ ಅಕ್ಕ:

ಮೇಷ್ಟ್ರ ಲೆಕ್ಕ ಸರಿ ಮಾರಾಯ್ರೇ, ಆದರೆ ಅಂಗಡಿಯಲ್ಲಿ ಬೇಯುತ್ತಾ ಕೂತ ಬಾಟಲಿ ದೇಶಿ ಆದರೇನು, ವಿದೇಶಿ ಆದರೇನು? ನಾನು ಬೆಲೆಗಿಂತ ಮೊದಲು ನೋಡುವುದು ಲೇಬಲ್ ಮೇಲಿನ ಕೊಯ್ಲಿನ ವರ್ಷ. ಈ ಬೆಲೆಯ ವೈಟ್ ವೈನ್ ಇಟ್ಟು ಹಳೆಯದು ಮಾಡುವ ಮಾಲಲ್ಲ. ಹೊಸದಾಗಿದ್ದಾಗ ಇರುವ ನಿಂಬೆ, ಸೀಬೆ ಪರಿಮಳವೇ ಅದರ ಬೆಲೆ. ಅದು ಹೋದರೆ ಉಳಿಯುವುದು ಬರೀ ಹುಳಿ, ಅಮಲು.

ನಮ್ಮಲ್ಲಿ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್, ಯೂರೋಪಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಅಂದರೆ ಒಂದೇ ವರ್ಷ ಬರೆದಿದ್ದರೂ ನಾಸಿಕ್ ಬಾಟಲಿ ಫ್ರಾನ್ಸಿನದಕ್ಕಿಂತ ಆರೇಳು ತಿಂಗಳು ದೊಡ್ಡದು. ದೇಶಿ ಸೊವಿನ್ಯೋನ್ ಬ್ಲಾಂಕ್ ಆದರೆ ಈ ವರ್ಷದ್ದು ಇಲ್ಲಾ ಹಿಂದಿನ ವರ್ಷದ್ದು, ಅದಕ್ಕಿಂತ ಹಳೆಯದು ನನಗೆ ಬೇಡ. ವರ್ಷವೇ ಬರೆಯದಿದ್ದರೆ ವಾಪಸ್ ಶೆಲ್ಫಿಗೆ. ರಿಯಾಯಿತಿ ಬೋರ್ಡು ಕಂಡರೆ ಮೊದಲು ವರ್ಷ ನೋಡಿ, ಯಾಕೆ ರಿಯಾಯಿತಿ ಅಂತ ಹೆಚ್ಚಿನ ಸಲ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಅಂಗಡಿ. ನಮ್ಮ ಕಡೆಯ ಒಂದು ಅಂಗಡಿಯಲ್ಲಿ ವೈಟ್ ವೈನ್ ಎಲ್ಲ ಬೀದಿ ಕಡೆಯ ಗಾಜಿನ ಶೋಕೇಸಿನಲ್ಲಿ, ಮಧ್ಯಾಹ್ನದ ಬಿಸಿಲು ನೇರ ಮೇಲೆ. ಏಪ್ರಿಲ್ ತಿಂಗಳ ಮಂಗಳೂರು ಹೇಗಿರುತ್ತದೆ ಗೊತ್ತಲ್ಲ! ಅಲ್ಲಿಂದ ತಂದ ಬಾಟಲಿ ಬೇಯಿಸಿದ ಸೇಬಿನ ಹಾಗೆ ವಾಸನೆ ಹೊಡೆಯುತ್ತಿತ್ತು. ಬಣ್ಣವೂ ತಿಳಿ ಹಳದಿ ಹೋಗಿ ಗಾಢ ಚಿನ್ನದ ಬಣ್ಣ. ಸಾದಾ ಗಾಜಿನ ಬಾಟಲಿಯಾದರೆ ಇದು ಹೊರಗಿನಿಂದಲೇ ಕಾಣುತ್ತದೆ. ಆದರೆ ಸಾದಾ ಗಾಜಿಗೇ ಬೆಳಕಿನ ಪೆಟ್ಟು ಜಾಸ್ತಿ, ಅದೂ ನೆನಪಿರಲಿ. ಮಾಲು ಬೇಗ ಖರ್ಚಾಗುವ, ಏಸಿ ಇರುವ ಅಂಗಡಿಗೆ ಸ್ವಲ್ಪ ದೂರ ಹೋದರೂ ನಷ್ಟ ಇಲ್ಲ. ತಿರುಗಿಸುವ ಮುಚ್ಚಳ ಅಂದರೆ ಅಗ್ಗದ ಮಾಲು ಅಂದುಕೊಳ್ಳಬೇಡಿ. ನ್ಯೂಜಿಲೆಂಡಿನವರು ತಮ್ಮ ಒಳ್ಳೊಳ್ಳೆಯ ಸೊವಿನ್ಯೋನ್‌ಗೂ ಅದನ್ನೇ ಹಾಕುತ್ತಾರೆ.

ಊಟದ ಬಗ್ಗೆ: ಅಂಜಲ್ ತವಾ ಫ್ರೈಗೆ ಡ್ರೈ, ಅಂದರೆ ಸಿಹಿ ಇಲ್ಲದ, ಸೊವಿನ್ಯೋನ್ ಬ್ಲಾಂಕ್ ಸಾಕು. ಆದರೆ ಬಂಗುಡೆ ಪುಳಿಮುಂಚಿ, ಗೀ ರೋಸ್ಟ್ ಮಾಡಿದ ದಿನ ತೀರಾ ಡ್ರೈ ವೈನ್ ತೆರೆದರೆ ಖಾರ ಇನ್ನೂ ಏರುತ್ತದೆ, ವೈನ್ ಕಹಿ ಅನ್ನಿಸುತ್ತದೆ, ಎರಡು ಸಾವಿರ ಕೊಟ್ಟಿದ್ದರೂ ಅಷ್ಟೇ. ಅಂಥ ದಿನ ಒಂಚೂರು ಸಿಹಿ ಇರುವ ಶೆನಿನ್ ಬ್ಲಾಂಕ್ ಪ್ರಯತ್ನಿಸಿ. ಸಿಹಿ ಬೇಡ ಅಂದಿದ್ದೀರಿ, ಗೊತ್ತು, ಆದರೂ.

ರೆಡಿಂಗ್ ರಂಗಣ್ಣ:

ಇಂಗ್ಲೆಂಡಿನಿಂದ ಒಂದು ಲೆಕ್ಕ, ನಿಮಗೆ ತಮಾಷೆ ಅನ್ನಿಸಬಹುದು. ಇಲ್ಲಿ ಅಬಕಾರಿ ಸುಂಕ ಬೆಲೆಯ ಮೇಲೆ ಅಲ್ಲ, ಆಲ್ಕೋಹಾಲಿನ ಮೇಲೆ. ಶೇ. 12.5 ಇರುವ ಬಾಟಲಿಗೆ 2025ರ ದರದಲ್ಲಿ ಎರಡೂಮುಕ್ಕಾಲು ಪೌಂಡ್ ಆಸುಪಾಸು, ಒಳಗಿನ ವೈನು ಎಂಥದ್ದೇ ಇರಲಿ. ಇದರ ಜೊತೆ ಶೇ. 20 ವ್ಯಾಟ್. ಆರು ಪೌಂಡಿನ ಬಾಟಲಿಯಲ್ಲಿ ವ್ಯಾಟ್ ಒಂದು, ಸುಂಕ ಎರಡೂಮುಕ್ಕಾಲು, ಉಳಿದದ್ದು ಎರಡೂಕಾಲು. ಅದರಲ್ಲೇ ಗಾಜು, ಸಾಗಾಣಿಕೆ, ಅಂಗಡಿಯ ಲಾಭ, ಕೊನೆಗೆ ವೈನು. ಹನ್ನೆರಡು ಪೌಂಡಿನದಾದರೆ ಉಳಿಯುವುದು ಏಳೂಕಾಲು. ಬೆಲೆ ಎರಡು ಪಟ್ಟು, ಉಳಿದದ್ದು ಮೂರು ಪಟ್ಟಿಗಿಂತ ಜಾಸ್ತಿ. ಅದಕ್ಕೇ ಇಲ್ಲಿ ತೀರಾ ಅಗ್ಗದ್ದು ಕೊಳ್ಳುವುದೇ ದುಬಾರಿ. ನಿಮ್ಮಲ್ಲಿ ಆಮದು ಸುಂಕ ಶೇಕಡಾ ಲೆಕ್ಕ, ಬೆಲೆ ಏರಿದಷ್ಟೂ ಅದೂ ಏರುತ್ತದೆ. ಹಾಗಾಗಿ "ಸ್ವಲ್ಪ ಜಾಸ್ತಿ ಕೊಡಿ, ತುಂಬಾ ಒಳ್ಳೆಯದು ಸಿಗುತ್ತೆ" ಅಂತ ಇಲ್ಲಿಯವರು ಬರೆಯುವ ಸಲಹೆಯನ್ನು ಬೆಂಗಳೂರಿನ ಇಂಪೋರ್ಟೆಡ್ ಶೆಲ್ಫಿಗೆ ಹಾಗೇ ಅನ್ವಯಿಸಬೇಡಿ.

ನಾನು ಊರಿಗೆ ಬರುವಾಗ ಸುಂಕ ಇಲ್ಲದೆ ತರಬಹುದಾದ ಎರಡು ಲೀಟರ್ ಇದೆಯಲ್ಲ, ಅದನ್ನು ವಿಸ್ಕಿಗೆ ಖರ್ಚು ಮಾಡುವುದಿಲ್ಲ. ಎರಡು ಪೂರ್ತಿ ಬಾಟಲಿ, ಒಂದು ಅರ್ಧ ಬಾಟಲಿ ಒಳ್ಳೆಯ ರೀಸ್ಲಿಂಗ್, ಅದೂ ಒಂದು ಬಿಳಿ ದ್ರಾಕ್ಷಿಯ ವೈನು. ಭಾವನಿಗೆ ಮಾತ್ರ ಬೇಜಾರು.

ಬಸವನಗುಡಿ ಬ್ರದರ್:

ಥ್ಯಾಂಕ್ಸ್ ಅಕ್ಕ, ವರ್ಷ ನೋಡಬೇಕು ಅಂತ ಹೊಳೆದೇ ಇರಲಿಲ್ಲ. ಮೇಷ್ಟ್ರೇ, ಹಾಗಾದರೆ ಇಂಪೋರ್ಟೆಡ್ ಕೊಳ್ಳಲೇಬಾರದಾ? ಮೆಡಲ್, ರಿಸರ್ವ್ ಬಗ್ಗೆ ಯಾರೂ ಹೇಳಲಿಲ್ಲ.

ಲೆಕ್ಕದ ಮೇಷ್ಟ್ರು:

ಕೊಳ್ಳಬಹುದು, ಆಸ್ಟ್ರೇಲಿಯಾದ್ದು ನೋಡಿ. ಆ ದೇಶದ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತು. ಬಂದಿಳಿಯುವ ಬೆಲೆ ಬಾಟಲಿಗೆ 5 ಅಮೆರಿಕನ್ ಡಾಲರ್ ದಾಟಿದ್ದರೆ ಸುಂಕ 150ರಿಂದ ಆಗಲೇ 100ಕ್ಕೆ ಇಳಿಯಿತು, ಹತ್ತು ವರ್ಷದಲ್ಲಿ 50ಕ್ಕೆ ಬರಬೇಕು. 15 ಡಾಲರ್ ದಾಟಿದ್ದಕ್ಕೆ 75ರಿಂದ ಶುರು, ಕೊನೆಗೆ 25. ತಮಾಷೆ ಏನೆಂದರೆ 5 ಡಾಲರಿಗಿಂತ ಕಡಿಮೆಯದಕ್ಕೆ ಈ ಯಾವ ಲಾಭವೂ ಇಲ್ಲ. ಆದ್ದರಿಂದ ಅಲ್ಲಿಯ ತೀರಾ ಅಗ್ಗದ ಬಾಟಲಿ ಬಿಟ್ಟು ಅದರ ಮೇಲಿನ ಮೆಟ್ಟಿಲು ಹತ್ತಿ. ಈಡನ್ ವ್ಯಾಲಿ, ಕ್ಲೇರ್ ವ್ಯಾಲಿ ಅಂತ ಬರೆದ ರೀಸ್ಲಿಂಗ್ ಕಂಡರೆ ಬಿಡಬೇಡಿ. ಖಡಕ್ ಡ್ರೈ ಇರುತ್ತದೆ, ನಿಮಗೆ ಅದೇ ಬೇಕಲ್ವಾ?

'ರಿಸರ್ವ್': ಸ್ಪೇನಿನಲ್ಲಿ ವೈಟ್ ವೈನಿಗೆ 'ರೆಸೆರ್ವಾ' ಅಂತ ಬರೆಯಬೇಕಾದರೆ ಕನಿಷ್ಠ ಎರಡು ವರ್ಷ ಇಟ್ಟಿರಬೇಕು, ಅದರಲ್ಲಿ ಆರು ತಿಂಗಳು ಓಕ್ ಪೀಪಾಯಿಯಲ್ಲಿ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಅಂಥ ಕಟ್ಟಳೆ ಇಲ್ಲ, ಕಂಪನಿಯವರ ಇಷ್ಟ. ಮೆಡಲ್ ಸ್ಟಿಕ್ಕರ್ ಇದ್ದರೆ ಯಾವ ಸ್ಪರ್ಧೆ, ಯಾವ ವರ್ಷದ ಕೊಯ್ಲಿಗೆ ಅಂತ ಓದಿ. ಬ್ರಿಟನ್ನಿನ ವೈನ್ ಪತ್ರಿಕೆ ಡಿಕ್ಯಾಂಟರ್ ನಡೆಸುವ ಸ್ಪರ್ಧೆಯಲ್ಲಿ ನೂರಕ್ಕೆ 86 ಅಂಕಕ್ಕೇ ಕಂಚು ಸಿಗುತ್ತದೆ, ಚಿನ್ನಕ್ಕೆ 95 ಬೇಕು. ಕಂಚು ಅಂದರೆ ತಪ್ಪಿಲ್ಲದ, ಕುಡಿಯಬಹುದಾದ ವೈನು, ಅಷ್ಟೇ. ಭಾರದ ಬಾಟಲಿಗೆ ನೀವು ಕೊಡುವುದು ಗಾಜಿನ ದುಡ್ಡು. ಅದರ ಸಾಗಾಣಿಕೆಯ ಮೇಲೂ ಸುಂಕ ಬೀಳುತ್ತದೆ, ಮರೆಯಬೇಡಿ.

ಹುಬ್ಬಳ್ಳಿ ಹೈದ:

ಎಲ್ಲಾ ಕಾಗದದ ಮೇಲಿನ ಲೆಕ್ಕ ಆಯಿತು ನೋಡ್ರಿ. ಸುಂಕ ಎಷ್ಟು ಅಂತ ನಾಲಿಗೆಗೆ ಏನು ಗೊತ್ತು? ಎರಡು ಸಾವಿರದ್ದು ನಿಮಗೆ ನಿಜವಾಗಿ ಹಿಡಿಸಿದರೆ ಸರ್ಕಾರಕ್ಕೆ ಎಷ್ಟು ಹೋದರೇನು! ಪ್ರಶ್ನೆ ಏನೆಂದರೆ ಬೆಲೆ ಗೊತ್ತಿಲ್ಲದಾಗಲೂ ಹಿಡಿಸುತ್ತದಾ ಅಂತ. ಅಮೆರಿಕದಲ್ಲಿ ಆರು ಸಾವಿರಕ್ಕೂ ಜಾಸ್ತಿ ಸಲ ಬೆಲೆ ಮುಚ್ಚಿಟ್ಟು ಕುಡಿಸಿ ನೋಡಿದ ಒಂದು ಅಧ್ಯಯನ 2008ರಲ್ಲಿ ಬಂತು. ತರಬೇತಿ ಇಲ್ಲದ ಸಾಮಾನ್ಯ ಜನಕ್ಕೆ ದುಬಾರಿಯದು ಜಾಸ್ತಿ ಇಷ್ಟ ಆಗಲೇ ಇಲ್ಲ, ಒಂಚೂರು ಕಡಿಮೆಯೇ ಇಷ್ಟ ಆಯಿತು. ನೀವೂ ಮಾಡ್ರಿ. ಎರಡು ಬಾಟಲಿಗೂ ಪೇಪರ್ ಸುತ್ತಿ, ಮನೆಯವರ ಕೈಯಲ್ಲಿ ಸುರಿಸಿಕೊಳ್ಳಿ. ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಹೊರಗೆ ಇಟ್ಟು ಆಮೇಲೆ ಕುಡೀರಿ. ಐಸಿನಷ್ಟು ತಣ್ಣಗಿದ್ದರೆ ಎಲ್ಲ ವೈನೂ ಒಂದೇ. ಸ್ವಲ್ಪ ಬೆಚ್ಚಗಾದ ಮೇಲೂ ಗ್ಲಾಸು ಖಾಲಿ ಮಾಡಬೇಕು ಅನ್ನಿಸಿತು ಅಂದರೆ ಆ ಬಾಟಲಿಗೆ ಕೊಟ್ಟ ದುಡ್ಡು ಬಂತು.

ಕುಡ್ಲದ ಅಕ್ಕ:

ಹುಬ್ಬಳ್ಳಿಯವರು ಹೇಳಿದ್ದು ಒಪ್ಪಿದೆ, ಆದರೆ ಅದು ಕೊಂಡ ಮೇಲಿನ ಪರೀಕ್ಷೆ. ಅವರು ಕೇಳಿದ್ದು ಅಂಗಡಿಯಲ್ಲಿ ನಿಂತು ಏನು ಮಾಡಬೇಕು ಅಂತ.

ಹುಬ್ಬಳ್ಳಿ ಹೈದ:

ಅಕ್ಕಾರ, ಒಮ್ಮೆ ಪರೀಕ್ಷೆ ಆಯಿತು ಅಂದರೆ ಮುಂದಿನ ಸಲ ಅಂಗಡಿಯಲ್ಲಿ ನಿಂತು ಯೋಚನೆ ಮಾಡುವುದು ಯಾಕೆ ಬೇಕು?

ಬಸವನಗುಡಿ ಬ್ರದರ್:

ಜಗಳ ಬೇಡ! ಈ ಶನಿವಾರ ನಂದಿ ಕಡೆಯ ಸೊವಿನ್ಯೋನ್ ಒಂದು, ಆಸ್ಟ್ರೇಲಿಯಾದ ರೀಸ್ಲಿಂಗ್ ಸಿಕ್ಕರೆ ಒಂದು, ಪೇಪರ್ ಸುತ್ತಿ ನೋಡುತ್ತೇವೆ. ಎರಡೂ ತೆರೆದರೆ ಇಬ್ಬರಿಗೆ ಜಾಸ್ತಿ ಆಯಿತು. ಉಳಿದದ್ದು ಎಷ್ಟು ದಿನ ಇರುತ್ತದೆ?

ಕುಡ್ಲದ ಅಕ್ಕ:

ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿ ನಿಲ್ಲಿಸಿ ಇಡಿ, ಮೂರು ದಿನಕ್ಕೆ ಮೋಸ ಇಲ್ಲ. ಚಿಕ್ಕ ಬಾಟಲಿಗೆ ಬಾಯಿಮಟ್ಟ ತುಂಬಿಟ್ಟರೆ ಇನ್ನೂ ಒಂದೆರಡು ದಿನ. ಸುಲಾದಂಥವರು 375 ಎಂಎಲ್ ಬಾಟಲಿಯೂ ಮಾಡುತ್ತಾರೆ, ಸಿಕ್ಕರೆ ಈ ಥರದ ಪರೀಕ್ಷೆಗೆ ಅದೇ ತನ್ನಿ. ಶನಿವಾರ ಬಂಗುಡೆ ಮಾತ್ರ ಮಾಡಬೇಡಿ, ಮಸಾಲೆಯ ಅಬ್ಬರದಲ್ಲಿ ಎರಡೂ ಒಂದೇ ಅನ್ನಿಸುತ್ತದೆ.