ಪದಚರ್ಚೆ: ನಡಿಗೆ-ಸೈಕಲ್ ದಾರಿಯ ಬೋರ್ಡಿಗೆ ಏನು ಬರೆಯೋಣ?

ಮೇಡಂ, ಎರಡು ಕೆರೆಗಳ ನಡುವೆ ಜನರೇ ಸೇರಿ ಕಟ್ಟಿದ ದಾರಿಯ ಬೋರ್ಡುಗಳಿಗೆ ಕನ್ನಡದಲ್ಲಿ ಏನು ಬರೆಸೋಣ ಅಂತ ಇಲ್ಲಿ ಕೇಳಿದ್ದೀರಿ. ಶನಿವಾರ ಪೇಂಟರ್ ಬರ್ತಾರೆ ಅಂದಿದ್ದೀರಿ. ಹಾಗಾಗಿ ಉತ್ತರ ಮೊದಲು, ವಾದ ಆಮೇಲೆ.

ದೊಡ್ಡ ಬೋರ್ಡಿಗೆ ‘ನಡಿಗೆ-ಸೈಕಲ್ ದಾರಿ’ ಅಂತ ಬರೆಸಿ. ಎರಡೂ ಕೆರೆಗಳ ಹೆಸರು ಮೇಲಿನ ಸಾಲಿಗೆ ಬರಲಿ. ಗೇಟಿನ ಹತ್ತಿರ ‘ದಾರಿ ಇಲ್ಲಿಂದ ಶುರು’. ಕೆರೆ ಏರಿ ಇಕ್ಕಟ್ಟಾಗುವ ಕಡೆ ‘ಸೈಕಲ್ ಇಳಿದು ತಳ್ಳಿಕೊಂಡು ಹೋಗಿ’. ರಾಜಕಾಲುವೆ ಪಕ್ಕದ ಅಗಲ ಜಾಗದಲ್ಲಿ ‘ನಡೆಯುವವರಿಗೆ ದಾರಿ ಬಿಡಿ’. ಬೆಂಚು ಹಾಕಿ ಮಾಡು ಕಟ್ಟಿರುವಲ್ಲಿ ‘ತಂಗುದಾಣ’. ಅಷ್ಟು ಸಾಕು.

ಇನ್ನು ಇಲ್ಲಿ ಬಂದ ಸಲಹೆಗಳ ಬಗ್ಗೆ.

‘ದ್ವಿಚಕ್ರ ಪಥ’ ಬೇಡವೇ ಬೇಡ. ಇದು ರುಚಿಯ ಪ್ರಶ್ನೆ ಅಲ್ಲ. ಬೆಂಗಳೂರಿನಲ್ಲಿ ದ್ವಿಚಕ್ರ ಅಂದರೆ ಸ್ಕೂಟರು, ಬೈಕು. ಪಾರ್ಕಿಂಗ್ ಬೋರ್ಡು ನೋಡಿ, ವಿಮೆ ಕಾಗದ ನೋಡಿ, ಎಲ್ಲ ಕಡೆ ಅದೇ ಅರ್ಥ. ಆ ಬೋರ್ಡು ನೆಟ್ಟ ದಿನವೇ ಸಿಗ್ನಲ್ ತಪ್ಪಿಸುವವರು ಕೆರೆ ಏರಿ ಮೇಲೆ ಬೈಕ್ ಹತ್ತಿಸುತ್ತಾರೆ. ತಡೆದು ಕೇಳಿದರೆ ನಿಮ್ಮ ಬೋರ್ಡನ್ನೇ ತೋರಿಸುತ್ತಾರೆ. ಆಗ ಏನು ಹೇಳ್ತೀರಿ? ಸೈಕಲ್ ಅಂದರೆ ಸೈಕಲ್. ಹೈಸ್ಕೂಲು ಹುಡುಗಿಗೂ ಗೊತ್ತು, ಪೇಪರ್ ಹಾಕುವವರಿಗೂ ಗೊತ್ತು.

‘ಸಮುದಾಯ ಜಾಡು’ ಕಂಪ್ಯೂಟರಿನ ಅನುವಾದ ಅಂತ ನೀವೇ ಹೇಳಿದಿರಿ. ಜಾಡು ಒಳ್ಳೆ ಪದ, ನನಗೂ ಇಷ್ಟ. ಆದರೆ ಅದು ಹೋದವರು ಬಿಟ್ಟುಹೋದ ಗುರುತು. ಆನೆ ಜಾಡು, ಬಂಡಿ ಜಾಡು, ಕಳ್ಳನ ಜಾಡು. ಜಾಡು ಹಿಡಿಯುತ್ತೇವೆ, ಜಾಡು ತಪ್ಪುತ್ತದೆ. ತುರಹಳ್ಳಿ ಕಾಡಿನಲ್ಲಿ ಓಡಾಡಿ ಓಡಾಡಿ ತಾನಾಗಿ ಬಿದ್ದಿರುವ ಗೆರೆಗೆ ಜಾಡು ಅನ್ನಿ, ಒಪ್ಪುತ್ತೇನೆ. ಜನ ದುಡ್ಡು ಕೂಡಿಸಿ, ಜಲ್ಲಿ ಹಾಕಿ, ಗಿಡ ನೆಟ್ಟು ಕಟ್ಟಿದ್ದಕ್ಕೆ ಜಾಡು ಅನ್ನೋದು ಹೊಂದಲ್ಲ.

‘ಪಾದಚಾರಿ ಮಾರ್ಗ’ ಅಂದವರು ಸರ್ಕಾರಿ ಪದ ಅನ್ನುವ ಕಾರಣಕ್ಕೇ ಹೇಳಿದರು. ಆ ಹೆಸರು ಆಗಲೇ ಇನ್ನೊಂದಕ್ಕೆ ಅಂಟಿಕೊಂಡಿದೆ. ರಸ್ತೆ ಬದಿಯಲ್ಲಿ, ಚರಂಡಿ ಮೇಲೆ ಚಪ್ಪಡಿ ಹಾಸಿದ ಫುಟ್‌ಪಾತ್ ಅದು. ಆ ಬೋರ್ಡಿನ ಕೆಳಗೆ ಸೈಕಲ್ ತುಳಿಯುವವರು ಅತಿಕ್ರಮಣ ಮಾಡಿದ ಹಾಗೆ ಕಾಣುತ್ತಾರೆ. ಬರೀ ನಡೆಯುವವರಿಗೇ ಕನಿಷ್ಠ 1.8 ಮೀಟರ್ ತೆರವು ಜಾಗ ಇರಬೇಕು ಅಂದಿತ್ತು ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ. ನೀವು ಕಳಿಸಿದ ಫೋಟೋದಲ್ಲಿ ಏರಿ ಮೇಲೆ ಇಬ್ಬರು ಜೊತೆಯಲ್ಲಿ ನಡೆದರೆ ಮೂರನೆಯವರಿಗೆ ಜಾಗ ಇಲ್ಲ. ಅದಕ್ಕೇ ಅಲ್ಲಿ ಇಳಿದು ತಳ್ಳಿ ಅಂತ ಬರೆಸಿ ಅಂದದ್ದು. ಅದನ್ನು ಸಣ್ಣ ಅಕ್ಷರದಲ್ಲಿ ಮೂಲೆಗೆ ಹಾಕಬೇಡಿ.

ಪಥಕ್ಕೂ ದಾರಿಗೂ ವ್ಯತ್ಯಾಸ ಉಳಿಸಿಕೊಳ್ಳೋಣ. ಪಥ ಅಂದರೆ ಈಗ ರಸ್ತೆಯ ಒಳಗಿನ ಪಾಲು. ಚತುಷ್ಪಥ, ಷಟ್ಪಥ ಅನ್ನುವುದು ಹಾಗೆಯೇ. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಕಂಬ ನೆಟ್ಟು ಬೇರೆ ಮಾಡಿದ್ದರಲ್ಲ, ಅದು ಸೈಕಲ್ ಪಥ. ನಿಮ್ಮದು ಯಾವ ರಸ್ತೆಯ ಪಾಲೂ ಅಲ್ಲ. ಅದು ತನ್ನಷ್ಟಕ್ಕೆ ತಾನೇ ಒಂದು ದಾರಿ. ಕಾಲುದಾರಿ ಅನ್ನಬಹುದಿತ್ತು, ಸೈಕಲ್ ಇಲ್ಲದಿದ್ದರೆ.

ಸೈಕಲ್ ಬದಲು ‘ತುಳಿಬಂಡಿ’ ಅನ್ನೋಣ ಅಂದವರಿಗೆ ನನ್ನ ಉತ್ತರ: ಬೇಡ. ಅಚ್ಚಗನ್ನಡ ಪದ ಕಟ್ಟುವ ಆಸೆ ನನಗೆ ಅರ್ಥವಾಗುತ್ತದೆ, ಗೌರವವೂ ಇದೆ. ಆದರೆ ಸೈಕಲ್ ಪರಕೀಯ ಅನ್ನುವ ಮಾತಿಗೆ ತಲೆಬಾಗಲಾರೆ. ಸೈಕಲ್ಲು, ಸೈಕಲ್ಲಿಗೆ, ಸೈಕಲ್ಲಲ್ಲಿ ಅಂತ ವಿಭಕ್ತಿ ಹತ್ತಿ ಎಷ್ಟು ಕಾಲವಾಯಿತು! ಕಾಲು ಎಟುಕದ ಮಕ್ಕಳು ಕಂಬಿಯ ಅಡಿಯಲ್ಲಿ ಕಾಲು ತೂರಿಸಿ ತುಳಿಯುವುದಕ್ಕೆ ‘ಒಳಪೆಡಲ್’ ಅನ್ನುವ ಮಾತನ್ನು ಯಾವ ಪಂಡಿತರೂ ಕೂತು ಕಟ್ಟಲಿಲ್ಲ. ಬಾಡಿಗೆ ಸೈಕಲ್ ತಂದು ಕಲಿತ ಹುಡುಗರೇ ಕಟ್ಟಿದರು. ಹೀಗೆ ಮರಿ ಹಾಕಿದ ಪದವನ್ನು ಮನೆಯಿಂದ ಹೊರಗೆ ಹಾಕೋದು ಯಾಕೆ?

ಕನ್ನಡ ಪದಕ್ಕೆ ಬೇರೆ ಭಾಷೆಯ ಪದ ಜೋಡಿಸಿದರೆ ಅರಿಸಮಾಸ, ತಪ್ಪು ಅಂದವರಿಗೆ: ಮಳೆಗಾಲ ಅನ್ನುವಾಗ ಯಾಕೆ ಸುಮ್ಮನಿರುತ್ತೀರಿ? ನಿಲ್ದಾಣವನ್ನು ಅಚ್ಚಗನ್ನಡದ ಗೆಲುವು ಅಂತ ಇಲ್ಲಿ ಯಾವಾಗಲೂ ತೋರಿಸುತ್ತಾರೆ. ಅದರ ಅರ್ಧ ಭಾಗ ಸಂಸ್ಕೃತದ ‘ಸ್ಥಾನ’ ರೂಪ ಬದಲಿಸಿಕೊಂಡು ಬಂದ ತದ್ಭವ. ಅದರಿಂದ ನಿಲ್ದಾಣ ಕೆಟ್ಟ ಪದ ಆಗಲಿಲ್ಲ, ತಂಗುದಾಣವೂ ಆಗಲಿಲ್ಲ. ನಿಲ್ಲು, ತಂಗು ಎರಡೂ ಎಲ್ಲರಿಗೂ ಗೊತ್ತು, ಅದಕ್ಕೇ ಅವು ಬಸ್ಸು ಕಾಯುವ ಜಾಗಕ್ಕೆ ಹೊಂದಿಕೊಂಡವು. ಅಚ್ಚಗನ್ನಡದಲ್ಲೇ ಕಾವ್ಯ ಬರೆದ ಹಳೆಯ ಕವಿ ಆಂಡಯ್ಯನ ಹೆಸರು ಎಳೆದು ತಂದಿದ್ದೀರಿ. ಆಂಡಯ್ಯ ಬಿಟ್ಟದ್ದು ತತ್ಸಮವನ್ನು, ಅಂದರೆ ರೂಪ ಬದಲಾಗದೆ ಬಂದ ಸಂಸ್ಕೃತ ಪದವನ್ನು. ತದ್ಭವವನ್ನು ಧಾರಾಳವಾಗಿಯೇ ಬಳಸಿದ.

ದಾರಿ ಅನ್ನುವ ಅರ್ಥದ ಹಳಗನ್ನಡದ ‘ಬಟ್ಟೆ’ ತರೋಣ, ‘ಕೆರೆಬಟ್ಟೆ’ ಅನ್ನೋಣ ಎಂಬ ಸಲಹೆಯೂ ಬಂತು. ಹೆಬ್ಬಟ್ಟೆ ಓದುವಾಗ ನನಗೂ ಖುಷಿಯಾಗುತ್ತದೆ. ಆದರೆ ಬಟ್ಟೆಯೂ ಸಂಸ್ಕೃತದ ವರ್ತ್ಮದಿಂದ ಬಂದದ್ದು ಅಂತಲೇ ಹೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಇವತ್ತು ಆ ಬೋರ್ಡು ಓದಿದವರು ಕೆರೆಯಲ್ಲಿ ಬಟ್ಟೆ ಒಗೆಯುವ ಜಾಗ ಅಂದುಕೊಳ್ಳುತ್ತಾರೆ. ಓದುವವರಿಗೆ ದಾರಿ ತಪ್ಪಿಸುವ ಬೋರ್ಡು ಯಾಕೆ ಬೇಕು?

ಎರವಲಿನ ವಿಷಯ ಇಷ್ಟಕ್ಕೇ ಬಿಡೋಣ ಅಂದುಕೊಂಡಿದ್ದೆ, ಆಗುತ್ತಿಲ್ಲ. ಈ ಊರಿನ ವಿಳಾಸ ತೆಗೆದುಕೊಳ್ಳಿ. ರಸ್ತೆ ಪಾರ್ಸಿಯಿಂದ ಬಂತು. ಬೀದಿ ಸಂಸ್ಕೃತದ ವೀಥಿಯಿಂದ. ಗಲ್ಲಿ ಉತ್ತರದ ಭಾಷೆಗಳಿಂದ. ‘ಅಡ್ಡರಸ್ತೆ’ ಅನ್ನುವ ಬೋರ್ಡು ಪ್ರತಿ ಮೂಲೆಯಲ್ಲಿದೆ, ಆಟೋ ಹತ್ತಿದವರು ಮಾತ್ರ ‘ಐದನೇ ಕ್ರಾಸ್’ ಅಂತಾರೆ. ಆ ಅಡ್ಡರಸ್ತೆಯಲ್ಲೂ ಅಡ್ಡ ನಮ್ಮದು, ರಸ್ತೆ ತಂದದ್ದು. ಎಲ್ಲಿಂದ ಬಂತು ಅಂತ ಪದದ ಬೆನ್ನು ಹತ್ತುವುದು ನಿಘಂಟಿನ ಕೆಲಸ, ಮಾಡಬೇಕಾದ ಕೆಲಸವೇ. ಬೋರ್ಡಿನ ಮುಂದೆ ನಿಂತವರಿಗೆ ಮಾತ್ರ ಯಾವ ಕಡೆ ತಿರುಗಬೇಕು ಅಂತ ತಿಳಿದರೆ ಸಾಕು. ಹೊರಗಿಂದ ಬಂದು ಕನ್ನಡ ಕಲಿಯುತ್ತಿರುವವರೂ ಆ ದಾರಿಯಲ್ಲಿ ಓಡಾಡ್ತಾರೆ ಅಲ್ವಾ? ತೆಲುಗಿನಲ್ಲೂ ದಾರಿ ಅಂದರೆ ದಾರಿಯೇ.

ನಮ್ಮ ಬೋರ್ಡುಗಳು ಸೋಲುವುದು ಇನ್ನೊಂದು ಕಡೆ. ಇಂಗ್ಲಿಷಿನಲ್ಲಿ ನಾಮಪದ ಇದೆ ಅಂತ ನಾವೂ ನಾಮಪದವನ್ನೇ ಹುಡುಕುತ್ತೇವೆ. ‘ಪಾದಚಾರಿ ಆದ್ಯತಾ ವಲಯ’, ‘ಸೈಕಲ್ ಅವರೋಹಣ ಸ್ಥಳ’ ಅಂತ ಹುಟ್ಟುವುದು ಹಾಗೆ. ಅಂಥ ಬೋರ್ಡು ಓದಿ ಯಾರೂ ಏನೂ ಮಾಡುವುದಿಲ್ಲ. ಏನು ಮಾಡಬೇಕು ಅಂತ ಅದರಲ್ಲಿ ಇರುವುದೇ ಇಲ್ಲ. ಕನ್ನಡದಲ್ಲಿ ಕೆಲಸ ಹೇಳುವುದು ಕ್ರಿಯಾಪದ. ಇಳಿಯಿರಿ, ತಳ್ಳಿ, ಬಿಡಿ, ನಿಲ್ಲಿ. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದರು, ನಾನು ಸ್ವಾಗತಿಸಿದೆ. ಆ ಶೇ 60ರಲ್ಲಿ ಓದಿದ ಕೂಡಲೇ ತಿಳಿಯುವ ಕನ್ನಡ ಇರಬೇಕು. ಇಲ್ಲದಿದ್ದರೆ ಜನ ಉಳಿದ 40ನ್ನೇ ಓದುತ್ತಾರೆ.

ಕನ್ನಡತನ ತೋರಿಸಲೇಬೇಕು ಅಂದರೆ ಜಾಗದ ಹೆಸರುಗಳಲ್ಲಿ ತೋರಿಸಿ. ಅದಕ್ಕೆ ಒಂದೂ ಹೊಸ ಪದ ಬೇಕಾಗಿಲ್ಲ. ನಿಮ್ಮ ಪಟ್ಟಿಯಲ್ಲಿ ‘ಪಾಯಿಂಟ್ 1’, ‘ಪಾಯಿಂಟ್ 2’ ಅಂತ ಇದೆ. ಪಾಯಿಂಟ್ 2 ಅಂದರೆ ಮೇಲಿನ ಕೆರೆಯ ಕೋಡಿ ತಾನೇ? ತುಂಬಿದ ಕೆರೆಯ ನೀರು ಅಲ್ಲಿ ಹರಿದು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಈ ಊರಿನ ಕೆರೆಗಳೆಲ್ಲ ಹಾಗೆಯೇ ಒಂದಕ್ಕೊಂದು ಪೋಣಿಸಿಕೊಂಡಿವೆ. ಬೆಳ್ಳಂದೂರಿನ ನೀರು ವರ್ತೂರಿಗೆ ಹೋಗುವುದೂ ಹೀಗೆಯೇ. ನಿಮ್ಮ ದಾರಿಯೂ ಆ ನೀರಿನ ಪಕ್ಕದಲ್ಲೇ ಸಾಗುತ್ತದೆ. ಹಾಗಿದ್ದಮೇಲೆ ‘ಕೋಡಿ’, ‘ತೂಬು’ (ಕೆರೆಯ ನೀರು ಬಿಡುವ ಕಿಂಡಿ), ‘ಏರಿ’ ಅಂತಲೇ ಬರೆಸಿ. ಅಪಾರ್ಟ್‌ಮೆಂಟಿನ ಮಕ್ಕಳು ಇದೇನು ಅಂತ ಕೇಳಲಿ. ಹತ್ತಿರದ ಹಳ್ಳಿಯ ಹಿರಿಯರು ಇನ್ನೂ ಇದ್ದಾರೆ, ತೋರಿಸುತ್ತಾರೆ. ಆ ತೂಬಿಗೋ ಬಂಡೆಗೋ ಅವರು ಬೇರೆ ಹೆಸರು ಹೇಳಿದರೆ ನನ್ನ ಪಟ್ಟಿ ಬಿಟ್ಟು ಅದನ್ನೇ ಬರೆಸಿ.

ಪೇಂಟರಿಗೆ ಒಂದು ಮಾತು ಹೇಳಿ. ‘ತಳ್ಳಿಕೊಂಡು’ ಸಾಲಿನ ಕೆಳಗೆ ಒತ್ತಕ್ಷರಕ್ಕೆ ಜಾಗ ಬಿಡಲಿ. ಬಾಣದ ಗುರುತು ಬರೆದಮೇಲೆ ಜಾಗ ಉಳಿಯಲಿಲ್ಲ ಅಂತ ಳ ಒತ್ತನ್ನು ಕತ್ತರಿಸಿಬಿಡುತ್ತಾರೆ. ದೂರವನ್ನು ‘ಕೋಡಿಗೆ 600 ಮೀಟರ್’ ಅಂತ ಬರೆದರೆ ಸಾಕು, ‘ಅಂತರ’ ಬೇಡ. ಕರಡು ಇವತ್ತು ರಾತ್ರಿ ಕಳಿಸಿ, ನೋಡಿ ತಿದ್ದಿ ಬೆಳಗ್ಗೆ ವಾಪಸ್ ಕಳಿಸುತ್ತೇನೆ.