ಹಳೆ ಕ್ಯಾಂಪರ್‌ಗೆ ಕ್ಯಾಬಿನ್ ಬುಷ್: ರಬ್ಬರ್ ಹಾಕೋದಾ, ಪಿಯು ಹಾಕೋದಾ?

ಮೂಡಿಗೆರೆಯಿಂದ ಪ್ರಶ್ನೆ:
ನಮ್ಮದು 2009ರ ಬೊಲೆರೊ ಕ್ಯಾಂಪರ್. ಗೊಬ್ಬರ, ಕಾಫಿ ಮೂಟೆ ಸಾಗಿಸೋಕೂ ಅದೇ, ಮನೆಯವರನ್ನು ಕೂರಿಸಿಕೊಂಡು ಹಾಸನಕ್ಕೆ ಹೋಗೋಕೂ ಅದೇ. ಈಗೀಗ ಗುಂಡಿಗೆ ಇಳಿದರೆ ಕ್ಯಾಬಿನ್ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಡ್ರೈವರ್ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಿದರೆ ಮಾತ್ರ ಕೂರುತ್ತೆ. ಕ್ಯಾಬಿನ್ ಬುಷ್, ಅಂದರೆ ಕ್ಯಾಬಿನ್‌ಗೂ ಕೆಳಗಿನ ಚಾಸಿಗೂ ನಡುವೆ ಕೂರುವ ಮೆತ್ತೆ, ಪೂರ್ತಿ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದರು. ಕೆಲವರು ರಬ್ಬರೇ ಸರಿ ಅನ್ನುತ್ತಾರೆ. ಪಾಲಿಯುರೆಥೇನ್ (ಪಿಯು, ರಬ್ಬರಿನಂಥದ್ದೇ ಗಟ್ಟಿ ಪ್ಲಾಸ್ಟಿಕ್) ಹಾಕಿಸಿದರೆ ಮತ್ತೆ ಆ ಕಡೆ ನೋಡೋದೇ ಬೇಡ ಅಂತ ಇನ್ನು ಕೆಲವರು. ಹಾಕಿಸಿ ಓಡಿಸಿದವರು ದಯವಿಟ್ಟು ಹೇಳಿ.

ಸಕಲೇಶಪುರದಿಂದ:
ನಮ್ಮ ಹಳೆ ಬೊಲೆರೊದಲ್ಲಿ ಎರಡನ್ನೂ ನೋಡಿದ್ದೇವೆ. ಮನೆಯವರು ಕೂರುವ ಗಾಡಿ ಅಂದಿರಲ್ಲ, ಹಾಗಾದರೆ ರಬ್ಬರ್ ಹಾಕಿಸಿ.

ಈ ಬುಷ್‌ಗೆ ಎರಡು ಕೆಲಸ. ಬಾಡಿ ಚಾಸಿ ಮೇಲೆ ಅಲ್ಲಾಡದ ಹಾಗೆ ಹಿಡಿಯಬೇಕು, ಚಾಸಿಯ ನಡುಕ ಮೇಲೆ ಹತ್ತದ ಹಾಗೆ ತಡೆಯಬೇಕು. ಪಿಯು ಮೊದಲ ಕೆಲಸದಲ್ಲಿ ಗಟ್ಟಿಗ. ಎರಡನೆಯದರಲ್ಲಿ ರಬ್ಬರೇ ಮೇಲು. ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ 750 ಆರ್‌ಪಿಎಂನಲ್ಲಿ ಸುಮ್ನೆ ನಿಂತಿದ್ದರೂ ಸೆಕೆಂಡಿಗೆ 25 ಸಲ ಉರಿಯುತ್ತದೆ. ಎಂಜಿನ್ ಮೌಂಟ್ ಕೂಡ ಹಳತಾಗಿದ್ದರೆ ಆ ಹೊಡೆತವೆಲ್ಲ ಚಾಸಿಗೆ ಬರುತ್ತದೆ. ರಬ್ಬರ್ ಅದನ್ನು ತನ್ನಲ್ಲೇ ಒಂದಿಷ್ಟು ಕರಗಿಸಿಕೊಳ್ಳುತ್ತದೆ. ಗಟ್ಟಿ ಪಿಯು ಹಾಕಿದ್ದಾಗ, ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದ್ದರೆ ಡ್ಯಾಶ್‌ಬೋರ್ಡ್ ಮೇಲಿನ ಚಿಲ್ಲರೆ ಕಾಸು ತಾನಾಗಿ ಜರುಗಿ ಅಂಚಿಗೆ ಬಂದು ಕೆಳಗೆ ಬೀಳುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದೋಕಾಗುತ್ತಿರಲಿಲ್ಲ. ಅಮ್ಮ ಮುಂದಿನ ಸೀಟಿನಲ್ಲಿ ಕೂರೋದನ್ನೇ ಬಿಟ್ಟರು.

ಪಿಯು ಅಂದರೆ ಒಂದೇ ವಸ್ತು ಅಲ್ಲ, ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ಗಟ್ಟಿತನವನ್ನು ಶೋರ್ ಎ ಅನ್ನೋ ಅಳತೆಯಲ್ಲಿ ನೋಡುತ್ತಾರೆ. ಗಾಡಿಗೆ ಹಾಕುವ ರಬ್ಬರ್ ಸಾಮಾನ್ಯವಾಗಿ 50ರಿಂದ 70ರ ಒಳಗಿರುತ್ತದೆ. ಲೇತ್ ಅಂಗಡಿಯಲ್ಲಿ ರಾಡ್ ಕಡೆದು ಮಾಡಿಕೊಡುವ ಪಿಯು ಬುಷ್ ಹೆಚ್ಚಾಗಿ 90ರ ಆಸುಪಾಸು. ಅಷ್ಟು ಗಟ್ಟಿ ಆದರೆ ಬುಷ್ ಇದ್ದೂ ಇಲ್ಲದ ಹಾಗೆ. ಇನ್ನೊಂದು, ಪಿಯುನಲ್ಲಿ ಪಾಲಿಯೆಸ್ಟರ್ ಜಾತಿ, ಪಾಲಿಈಥರ್ ಜಾತಿ ಅಂತ ಎರಡಿವೆ. ಪಾಲಿಯೆಸ್ಟರ್ ಪಿಯುಗೆ ಎಣ್ಣೆ ತಾಗಿದರೆ ಏನೂ ಆಗಲ್ಲ, ಆದರೆ ಸೆಕೆ ಮತ್ತು ತೇವ ಎರಡೂ ಸೇರಿದರೆ ವರ್ಷಗಳು ಕಳೆದ ಹಾಗೆ ಒಳಗಿಂದಲೇ ಮುರಿಯುತ್ತದೆ. ಮೊದಲು ಅಂಟಂಟು, ಆಮೇಲೆ ಪುಡಿಪುಡಿ. ಪಾಲಿಈಥರ್ ನೀರಿಗೆ ಚೆನ್ನಾಗಿ ತಡೆಯುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಅಡಿ ಒಣಗೋದೇ ಇಲ್ಲ, ಅಲ್ವಾ? ಹಾಗಾಗಿ ಯಾವ ಜಾತಿ, ಎಷ್ಟು ಶೋರ್ ಅಂತ ಹೇಳದವರ ಹತ್ತಿರ ಪಿಯು ತಗೋಬೇಡಿ.

ಬೆಂಗಳೂರಿನಿಂದ:
ನನ್ನದು ಪಿಯು, ಬದಲಾಯಿಸೋ ಯೋಚನೆ ಇಲ್ಲ. ನನ್ನ ಜೀಪ್ ಭಾನುವಾರ ಕಲ್ಲು, ಕೆಸರು ಹತ್ತಿಸೋಕೆ ಮಾತ್ರ. ರಬ್ಬರ್ ಇದ್ದಾಗ ಅಡ್ಡ ಇಳಿಜಾರಿನಲ್ಲಿ ಬಾಡಿ ಒಂದು ಕಡೆ, ಚಾಸಿ ಒಂದು ಕಡೆ ಹೋದ ಹಾಗೆ ಅನ್ನಿಸುತ್ತಿತ್ತು. ಈಗ ಸ್ಟೇರಿಂಗ್ ತಿರುಗಿಸಿದ ತಕ್ಷಣ ಗಾಡಿ ಪೂರ್ತಿ ಒಟ್ಟಿಗೆ ತಿರುಗುತ್ತದೆ. ಎಂಜಿನ್ ಆಯಿಲ್ ಸೋರುವ ಹಳೆ ಗಾಡಿಗಳಲ್ಲಿ ಮುಂದಿನ ರಬ್ಬರ್ ಬುಷ್ ಉಬ್ಬಿ ಮೆತ್ತಗಾಗುತ್ತೆ, ಪಿಯುಗೆ ಆ ಕಾಟ ಇಲ್ಲ. ನಡುಕ ಜಾಸ್ತಿ ಅನ್ನೋದು ನಿಜ. ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡೋ ಗಾಡಿಗೆ ನಾನೂ ಹಾಕಿಸಲ್ಲ.

ಹಾಸನದಿಂದ, ಗ್ಯಾರೇಜ್ ನಡೆಸುವವರು:
ಸರ್, ಬುಷ್ ತಗೊಳ್ಳೋ ಮೊದಲು ಬುಷ್ ಕೂರುವ ಜಾಗ ನೋಡಿ. ಚಾಸಿಯಿಂದ ಹೊರಗೆ ಚಾಚಿದ ಬ್ರಾಕೆಟ್‌ಗಳಲ್ಲಿ ಮಣ್ಣು ತುಂಬಿ, ನೀರು ನಿಂತು, ತುಕ್ಕು ತಿಂದಿರುತ್ತದೆ. ಮಣ್ಣು ಕೆರೆದು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒಳಗೆ ಹೋದರೆ ಮೊದಲು ವೆಲ್ಡಿಂಗ್, ಆಮೇಲೆ ಬುಷ್. ನಿಮ್ಮ ಬಾಗಿಲು ಇಳಿದಿರೋದಕ್ಕೆ ಅದೇ ಕಾರಣ ಇರಬಹುದು. ಬಾಗಿಲಿನ ಹಿಂಜ್ ಪಿನ್ ಕೂಡ ನೋಡಿಸಿ.

ಬೋಲ್ಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಅವಸರದಲ್ಲಿ ತಿರುಗಿಸಿದರೆ ಬೋಲ್ಟ್ ತುಂಡಾಗುತ್ತದೆ, ಇಲ್ಲವೇ ಒಳಗಿನ ನಟ್ ಬಿಟ್ಟುಕೊಂಡು ಸುತ್ತುತ್ತದೆ. ಆಗ ಫ್ಲೋರ್ ಕೊಯ್ಯಬೇಕಾಗುತ್ತೆ. ಒಂದು ಕಡೆಯ ಬೋಲ್ಟ್ ಬಿಚ್ಚಿ, ಇನ್ನೊಂದು ಕಡೆಯದನ್ನು ಸಡಿಲ ಮಾತ್ರ ಮಾಡಿ. ಜಾಕ್ ಮೇಲೆ ಅಗಲವಾದ ಹಲಗೆ ಇಟ್ಟು ಕ್ಯಾಬಿನ್ ಅನ್ನು ಬುಷ್ ಹೊರಬರುವಷ್ಟು ಮಾತ್ರ ಎತ್ತಬೇಕು. ಒಬ್ಬರು ಜಾಕ್ ಒತ್ತುತ್ತಿದ್ದರೆ ಇನ್ನೊಬ್ಬರು ಸ್ಟೇರಿಂಗ್ ಶಾಫ್ಟ್, ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್, ಅರ್ಥ್ ವೈರ್, ರೇಡಿಯೇಟರ್ ಫ್ಯಾನ್ ಕಡೆ ಕಣ್ಣಿಟ್ಟಿರಬೇಕು. ಕ್ಯಾಬಿನ್ ಅಡಿಗೆ ಕೈ ಹಾಕೋ ಮೊದಲು ಮರದ ದಿಮ್ಮಿ ಕೊಡಿ, ಬರೀ ಜಾಕ್ ನಂಬಬೇಡಿ.

ಬುಷ್ ಮಧ್ಯೆ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಬೋಲ್ಟ್ ಎಷ್ಟೇ ಬಿಗಿ ಮಾಡಿದರೂ ರಬ್ಬರ್ ಅಳತೆ ಮೀರಿ ಅಪ್ಪಚ್ಚಿ ಆಗದ ಹಾಗೆ ತಡೆಯೋದು ಅದೇ. ಹಳೆ ಕೊಳವೆ ತುಕ್ಕು ಹಿಡಿದು ಗಿಡ್ಡ ಆಗಿದ್ದರೆ ಹೊಸದನ್ನೇ ಹಾಕಿ. ಹಳೆ ಟೈರ್, ಕನ್ವೇಯರ್ ಬೆಲ್ಟ್ ತುಂಡು ಕೊಯ್ದು ತುರುಕುವವರಿದ್ದಾರೆ. ಅದರೊಳಗೆ ಬಟ್ಟೆ ಪದರ ಇರುತ್ತೆ, ನೀರು ಹೀರುತ್ತೆ, ಒಂದೊಂದು ಒಂದೊಂದು ದಪ್ಪ. ಬೇಡ.

ಮಿಷಿಗನ್‌ನಿಂದ:
ನನ್ನ ಹತ್ತಿರ 90ರ ದಶಕದ ಶೆವಿ ಪಿಕಪ್ ಇದೆ. ಇಲ್ಲಿ ಎನರ್ಜಿ ಸಸ್ಪೆನ್ಷನ್, ಪ್ರೋಥೇನ್‌ನಂಥ ಕಂಪನಿಗಳ ಪಿಯು ಸೆಟ್‌ಗಳು ಸಿಗುತ್ತವೆ, ಲೇತ್ ಅಂಗಡಿ ಹುಡುಕೋದು ಬೇಡ. ಆದರೂ ನಾನು ರಬ್ಬರ್‌ಗೇ ಹೋದೆ. ಚಳಿಗಾಲದಲ್ಲಿ ಬೆಳಗ್ಗೆ ಪಿಯು ಇನ್ನೂ ಸೆಟೆದುಕೊಳ್ಳುತ್ತದೆ. ರಸ್ತೆಗೆ ಹಾಕುವ ಉಪ್ಪಿನಿಂದ ಬ್ರಾಕೆಟ್ ಪೂರ್ತಿ ಲಡ್ಡಾಗಿತ್ತು, ಬುಷ್‌ಗಿಂತ ವೆಲ್ಡಿಂಗ್‌ಗೇ ದುಡ್ಡು ಜಾಸ್ತಿ ಹೋಯಿತು. ಹಾಸನದವರು ಹೇಳಿದ್ದನ್ನು ಬಿಡದೆ ಮಾಡಿ.

ಮೂಡಿಗೆರೆಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಕ್ರೂಡ್ರೈವರ್ ಹಾಕಿ ನೋಡಿದೆ, ಬಲಗಡೆ ಹಿಂದಿನ ಬ್ರಾಕೆಟ್ ತೂತಾಗಿದೆ. ಮೊದಲು ವೆಲ್ಡಿಂಗ್ ಮಾಡಿಸುತ್ತೇನೆ. ಒಂದು ಅನುಮಾನ: ಭಾರ ಬೀಳುವ ಹಿಂದಿನ ಎರಡಕ್ಕೆ ಮಾತ್ರ ಪಿಯು, ಉಳಿದದ್ದಕ್ಕೆ ರಬ್ಬರ್ ಹಾಕಬಹುದಾ?

ಹಾಸನದಿಂದ:
ಬೇಡ ಸರ್. ಗಟ್ಟಿ ಇರೋ ಕಡೆಯೇ ಹೊಡೆತ ಹೆಚ್ಚು ಬೀಳುತ್ತದೆ, ಆ ಬೋಲ್ಟ್ ಸುತ್ತ ಫ್ಲೋರ್ ಶೀಟ್ ಸೀಳೋದನ್ನು ಬೇಕಾದಷ್ಟು ಗಾಡಿಯಲ್ಲಿ ನೋಡಿದ್ದೇನೆ. ಪೂರ್ತಿ ಸೆಟ್ ಕಂಪನಿ ರಬ್ಬರನ್ನೇ ತಗೊಳ್ಳಿ, ಒಂದೇ ಸಲ ಎಲ್ಲ ಬದಲಾಯಿಸಿ. ಹೊಸ ರಬ್ಬರ್‌ಗೆ ಗ್ರೀಸ್, ಡೀಸೆಲ್ ತಾಗಿಸಬೇಡಿ, ಕೂರದಿದ್ದರೆ ಸೋಪಿನ ನೀರು ಸಾಕು. ಬಾಗಿಲಿನ ಸಂದು ಎರಡೂ ಕಡೆ ಸಮ ಬಂದ ಮೇಲೆ ಬೋಲ್ಟ್ ಪೂರ್ತಿ ಬಿಗಿ ಮಾಡಿಸಿ. ಒಂದು ತಿಂಗಳು ಓಡಿಸಿ ತಗೊಂಡು ಬನ್ನಿ, ರಬ್ಬರ್ ಕೂತಿರುತ್ತೆ, ಇನ್ನೊಮ್ಮೆ ಬಿಗಿ ನೋಡಿಕೊಡುತ್ತೇನೆ.